ಹನ್ನೊಂದನೇ ಹಾಸಿಗೆ

ಐದನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚುವ ಮೊದಲೇ
ನನಗೆ ಗೊತ್ತಾಗಿತ್ತು.
ಹದಿನೇಳು ವರ್ಷ ಡ್ರೆಸ್ಸಿಂಗ್ ಟ್ರಾಲಿ ತಳ್ಳಿದವಳಿಗೆ
ಮೂಗೇ ಥರ್ಮಾಮೀಟರು.

ಆಂಜಿನಪ್ಪ, ಐವತ್ತೆರಡು, ಹರ್ನಿಯ.
ಕಲಾಸಿಪಾಳ್ಯದ ತಿರುವಿನಲ್ಲಿ ತಳ್ಳುಗಾಡಿ,
ದೇವನಹಳ್ಳಿ ಕಡೆಯ ಕಪ್ಪು ದ್ರಾಕ್ಷಿ;
ಬೀಜ ಉಗಿಯಲೂ ಜನಕ್ಕೆ ಈಗ ಸೋಮಾರಿತನ
ಅಂತ ಅವನ ದೂರು.
ಹೊಲಿಗೆಯ ಎರಡೂ ದಡ ಕೆಂಪು. ಮುಟ್ಟಿದರೆ ಕಾವು.
ಮೂರನೇ ಗಂಟಿನ ಬುಡದಿಂದ
ಗಟ್ಟಿ ಮೊಸರಿನಂಥ ಒಂದು ತೊಟ್ಟು.
"ಬೆವರಾ ಸಿಸ್ಟರಮ್ಮ ಅದು?"
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಹತ್ತಿಕಡ್ಡಿಗೆ ಹತ್ತಿಸಿ, ಕೊಳವೆಗೆ ಇಳಿಸಿ,
ಮೇಲೆ ಅವನ ಹೆಸರು ಬರೆದೆ.

ಆಮೇಲೆ ಮಾಮೂಲಿ ಪಂಚಾಯಿತಿ.
ಹೆಂಡತಿ ಅಕ್ಕಯಮ್ಮ ಪಟ್ಟಿಯಡಿ ವಿಭೂತಿ ತೂರಿಸಿದ್ದಾಳೆ
ಅಂತ ಆಯಾ.
ಬೀಡಿ ಬಿಟ್ಟಿಲ್ಲ, ಸಕ್ಕರೆ ಇನ್ನೂರ ನಲವತ್ತು
ಅಂತ ಚಿಕ್ಕ ಡಾಕ್ಟರು.
ಹಿಂದಿನ ರಾತ್ರಿ ಬ್ಲೇಡಿನಲ್ಲಿ ಕೂದಲು ಹೆರೆದವರು ಯಾರು,
ಮೆಷೀನು ಕೊಡಿಸಿರಲಿಲ್ಲವೇ ನಾನು?
ಇಂಜೆಕ್ಷನ್ನು ಹೋದದ್ದು ಕೊಯ್ಯುವ ಮುಂಚೆಯೋ, ಕೊಯ್ದ ಮೇಲೋ?
ಹೊಸಕೆರೆ ಡಾಕ್ಟರು ಕೇಸ್‌ಶೀಟನ್ನು
ಎರಡು ಸಲ ಹಿಂದಿನಿಂದ ಮುಂದಕ್ಕೆ ತಿರುವಿದರು.
ನಾನು ನಲ್ಲಿಯ ಕಡೆ ಬೆರಳು ತೋರಿಸಿದೆ.
ಮಾರ್ಚಿ ತಿಂಗಳು. ಟ್ಯಾಂಕರು ಬರುವುದು ಹನ್ನೊಂದಕ್ಕೆ.
ಅಲ್ಲಿಯವರೆಗೆ ಬಕೆಟ್ಟು, ಚೊಂಬು,
ಒಬ್ಬರು ಹೊಯ್ದರೆ ಒಬ್ಬರು ತೊಳೆಯುವುದು.
ಎಲ್ಲರ ಮಾತೂ ಒಂದಿಷ್ಟು ನಿಜ. ಅದೇ ತೊಂದರೆ.
ಬೈಸಿಕೊಂಡದ್ದು ಮಾತ್ರ ಅಕ್ಕಯಮ್ಮ.

ಮೂರು ದಿನಕ್ಕೆ ಲ್ಯಾಬಿನ ನುಸ್ರತ್ ಕರೆದು
ಮೈಕ್ರೋಸ್ಕೋಪಿಗೆ ಕಣ್ಣಿಡಿಸಿದಳು.
ಕಡುನೇರಳೆ, ಗುಂಡಗುಂಡಗೆ,
ಒಂದರ ಭುಜಕ್ಕೆ ಒಂದು ಆನಿಕೊಂಡು ಗೊಂಚಲು ಗೊಂಚಲು.
ಅಯ್ಯೋ, ಇದು ಅವನ ಗಾಡಿಯೇ!
"ಹೆಸರಲ್ಲೇ ದ್ರಾಕ್ಷಿ ಇದೆ ಸಿಸ್ಟರ್" ಅಂದಳು,
"ತಟ್ಟೆಯಲ್ಲಿ ಬೆಳೆಸಿದರೆ ಬಂಗಾರದ ಬಣ್ಣ.
ಈಗ ನಿಮ್ಮೆಲ್ಲರ ಮೂಗೂ ಬೇಕು."

ನಗುತ್ತಾ ಸಾಲು ನಿಂತೆವು, ಹನ್ನೆರಡು ಮೂಗು.
ಸೀನು ಬಂದು ಆಯಾ ಕಡ್ಡಿ ಹಾರಿಸಿದಳು.
ಹೊಸಕೆರೆ ಡಾಕ್ಟರದ್ದು ಚೊಕ್ಕ.
ಮೂವರದ್ದು ಬಂಗಾರ.
ಅವುಗಳಲ್ಲಿ ಒಂದು, ಅವನ ಕೀವಿನ ಜೊತೆ ಇಟ್ಟು ನೋಡಿದರೆ,
ಅದೇ ಮದ್ದಿಗೆ ಬಗ್ಗುತ್ತೆ,
ಅದೇ ಮದ್ದಿಗೆ ಜಗ್ಗುವುದಿಲ್ಲ.
"ಇದೇ ಅದು ಅಂತ ಆಣೆ ಮಾಡಲ್ಲ" ಅಂದಳು ನುಸ್ರತ್,
ನನ್ನ ಮುಖ ನೋಡದೆ.

ನನ್ನದೇ ಮೂಗು.
ಅಡ್ವಾನ್ಸು ಇಲ್ಲ, ಬಾಡಿಗೆ ಇಲ್ಲ, ಗಲಾಟೆಯೂ ಇಲ್ಲ,
ಎಷ್ಟು ವರ್ಷದಿಂದ ಹಿಂದಿನ ಕೋಣೆಯಲ್ಲಿ ಇದ್ದವೋ!
ನೆನಪು ಮಾಡಿಕೊಂಡೆ:
ಎರಡನೇ ದಿನ, ಸೆಕೆ, ಫ್ಯಾನು ಕೆಟ್ಟಿತ್ತು.
ಮಾಸ್ಕು ಮೂಗಿನ ಕೆಳಗೆ ಜಾರಿತ್ತು.
ತುರಿಕೆಗೆ ಗ್ಲೌಸಿನ ಹಿಂಬದಿಯಿಂದ ಒಮ್ಮೆ ಉಜ್ಜಿದೆ,
ಆಮೇಲೆ ಹತ್ತಿಬಟ್ಟೆಯ ತುದಿ ಎತ್ತಿ,
"ಚೆನ್ನಾಗಿದೆಯಪ್ಪ" ಅಂದೆ.
ಎತ್ತಿದ್ದು ಅದೇ ಕೈಯಾ?
ಆಣೆ ಮಾಡಲ್ಲ ನಾನೂ.

ಐದು ದಿನ ಮೂಗಿಗೆ ಮುಲಾಮು,
ಮೈಗೆ ಗುಲಾಬಿ ಬಣ್ಣದ ಸೋಪು.
ಅವನಿಗೆ ಇಪ್ಪತ್ತಾರು ದಿನ.
ಎರಡು ಹೊಲಿಗೆ ಬಿಚ್ಚಿ ತೆರೆದಿಟ್ಟ ಗಾಯ
ತಳದಿಂದ ಮೇಲಕ್ಕೆ, ಬಾವಿಗೆ ನೀರು ಊರುವ ಹಾಗೆ,
ತಾನಾಗಿ ತುಂಬಬೇಕು. ಅವಸರ ಪಡಿಸುವ ಹಾಗಿಲ್ಲ.
ಅಷ್ಟು ದಿನ ಅಕ್ಕಯಮ್ಮನೇ ಗಾಡಿ ತಳ್ಳಿದಳು.

ಹೋಗುವ ದಿನ ಇಬ್ಬರಿಗೂ ಹೇಳಿದೆ.
ಹೇಳಬೇಡಿ ಅಂದಿದ್ದರು ಕೆಲವರು.
ಅಕ್ಕಯಮ್ಮ ಬಹಳ ಹೊತ್ತು ಮಾತಾಡಲಿಲ್ಲ.
ಅವನೇ ಅಂದ:
"ಗೊಂಚಲಲ್ಲಿ ಒಂದು ಹಣ್ಣು ಕೊಳೆತರೆ
ಮುಟ್ಟಿದ್ದು ಯಾರ ಕೈ ಅಂತ ಹುಡುಕ್ತೀನಾ ಸಿಸ್ಟರಮ್ಮ?
ಕಿತ್ತು ಬಿಸಾಕ್ತೀನಿ, ಕೈ ಒರೆಸ್ಕೋತೀನಿ."

"ಒರೆಸ್ಕೋಬೇಡ" ಅಂದೆ. "ತೊಳ್ಕೋ."

ಆಗ ನಕ್ಕಳು ಅಕ್ಕಯಮ್ಮ,
ಪೂರ್ತಿಯಾಗಿ ಅಲ್ಲ.